ತಂಡ ಕಟ್ಟುವುದಕ್ಕಿಂತ ಉಳಿಸುವುದು ಕಷ್ಟ: ವೃತ್ತಿಪರ ಫುಟ್‌ಬಾಲ್‌ನಲ್ಲಿ ಆಟಗಾರರ ನಿರಂತರತೆ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಕೂಡಲೇ ಕಾಸರಗೋಡಿನ ಊರುಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಮುಂದಿನ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳಕ್ಕೆ, ಯಾವ ವೇಷಧಾರಿ ಮೇಳ ಬಿಟ್ಟರು, ಯಾರು ಉಳಿದರು ಎಂಬ ಚರ್ಚೆ ಅದು. ಭಾಗವತರು, ಮದ್ದಳೆಗಾರರು ಮತ್ತು ವೇಷಧಾರಿಗಳು ನಾಲ್ಕಾರು ವರ್ಷ ಒಟ್ಟಿಗಿದ್ದ ಮೇಳದ ಆಟಕ್ಕೂ, ಹೆಸರಾಂತರನ್ನೆಲ್ಲ ಒಂದು ರಾತ್ರಿಗೆ ಕೂಡಿಸಿ ಆಡಿಸುವ ಆಟಕ್ಕೂ ಇರುವ ವ್ಯತ್ಯಾಸ ಇಲ್ಲಿನ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು.

ಫುಟ್‌ಬಾಲ್‌ನಲ್ಲೂ ಮಾತು ಇದೇ. ಯಾರನ್ನು ಕೊಂಡರು ಎಂಬುದು ಪತ್ರಿಕೆಯಲ್ಲಿ ದೊಡ್ಡ ಸುದ್ದಿಯಾಗುತ್ತದೆ. ಯಾರನ್ನು ಉಳಿಸಿಕೊಂಡರು ಎಂಬುದು ಸುದ್ದಿಯಾಗುವುದೇ ಇಲ್ಲ. ಆದರೆ ಅಂಕಪಟ್ಟಿಯಲ್ಲಿ ತಂಡ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವಲ್ಲಿ ಈ ಎರಡನೆಯದರ ಪಾಲು ಸಣ್ಣದಲ್ಲ. ಗಡಿನಾಡಿನ ಅಭಿಮಾನಿಗಳು ಹತ್ತಿರದಿಂದ ಕಂಡ ಮೂರು ತಂಡಗಳು, ಅಂದರೆ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಮತ್ತು ಹೈದರಾಬಾದ್ ಎಫ್‌ಸಿ, ಇದಕ್ಕೆ ಒಳ್ಳೆಯ ಉದಾಹರಣೆಗಳು.

ನಿರಂತರತೆ ಎಂದರೇನು?

ಒಂದು ಸೀಸನ್‌ನಲ್ಲಿ ಆಡಿದ ಆಟಗಾರರಲ್ಲಿ ಎಷ್ಟು ಮಂದಿ ಮುಂದಿನ ಸೀಸನ್‌ನಲ್ಲೂ ಅದೇ ತಂಡದಲ್ಲಿ, ಸಾಧ್ಯವಾದಷ್ಟು ಅದೇ ಸ್ಥಾನದಲ್ಲಿ ಆಡುತ್ತಾರೆ ಎಂಬುದೇ ನಿರಂತರತೆ. ತಲೆ ಎಣಿಸಿದರೆ ಮಾತ್ರ ಇದು ತಿಳಿಯುವುದಿಲ್ಲ. ಬೆಂಚಿನ ಮೇಲೆ ಕುಳಿತ ಹತ್ತು ಮಂದಿಯನ್ನು ಉಳಿಸಿಕೊಂಡು ಮೈದಾನದಲ್ಲಿದ್ದ ಏಳು ಮಂದಿಯನ್ನು ಬಿಟ್ಟುಕೊಟ್ಟರೆ ಪಟ್ಟಿಯಲ್ಲಿ ಹಳಬರೇ ಹೆಚ್ಚು ಕಂಡಾರು, ಆಡುವ ತಂಡ ಮಾತ್ರ ಹೊಸದೇ.

ಆದ್ದರಿಂದ ಆಡಿದ ನಿಮಿಷಗಳನ್ನು ಲೆಕ್ಕ ಹಾಕುವುದು ಹೆಚ್ಚು ಸರಿ. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 2024-25ರಲ್ಲಿ ಪ್ರತಿ ತಂಡಕ್ಕೆ 24 ಲೀಗ್ ಪಂದ್ಯಗಳಿದ್ದವು. 11 ಆಟಗಾರರು, 90 ನಿಮಿಷ, 24 ಪಂದ್ಯ ಎಂದು ಗುಣಿಸಿದರೆ ಒಟ್ಟು 23,760 ನಿಮಿಷ. ಇದರಲ್ಲಿ 16,632 ನಿಮಿಷಗಳನ್ನು ಹಿಂದಿನ ವರ್ಷವೂ ತಂಡದಲ್ಲಿದ್ದವರೇ ಆಡಿದ್ದರೆ ಆ ತಂಡದ ನಿರಂತರತೆ ಶೇ. 70 ಎನ್ನಬಹುದು. ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ಎಲ್ಲ ಸ್ಥಾನಗಳ ತೂಕವೂ ಒಂದೇ ಅಲ್ಲ. ಗೋಲ್‌ಕೀಪರ್, ನಡುವಿನ ಇಬ್ಬರು ಡಿಫೆಂಡರ್‌ಗಳು, ಮಧ್ಯದ ಮಿಡ್‌ಫೀಲ್ಡರ್‌ಗಳು ಮತ್ತು ಸ್ಟ್ರೈಕರ್ ಸೇರಿದರೆ ತಂಡದ ಬೆನ್ನೆಲುಬು. ಅಂಚಿನಲ್ಲಿ ಓಡುವ ಒಬ್ಬ ಆಟಗಾರ ಬದಲಾದರೆ ತಂಡ ಬೇಗ ಹೊಂದಿಕೊಳ್ಳುತ್ತದೆ. ಬೆನ್ನೆಲುಬಿನಲ್ಲಿ ಒಟ್ಟಿಗೆ ಮೂವರು ಬದಲಾದರೆ ತಂಡ ಮತ್ತೆ ನಡೆಯಲು ಕಲಿಯಬೇಕಾಗುತ್ತದೆ.

ಮೈದಾನದಲ್ಲಿ ಆಗುವ ಲಾಭ

ಒಟ್ಟಿಗೆ ಬಹುಕಾಲ ಆಡಿದವರಿಗೆ ಸಿಗುವ ಲಾಭ ಮುಖ್ಯವಾಗಿ ನಾಲ್ಕು ಕಡೆ ಕಾಣುತ್ತದೆ.

ಮೊದಲನೆಯದು ರಕ್ಷಣೆ. ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ ಸಿಲುಕಿಸಬೇಕಾದರೆ ನಾಲ್ವರು ಡಿಫೆಂಡರ್‌ಗಳು ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಮುಂದೆ ಬರಬೇಕು. ಒಬ್ಬ ಅರ್ಧ ಹೆಜ್ಜೆ ಹಿಂದೆ ಉಳಿದರೂ ಎದುರಾಳಿ ಸ್ಟ್ರೈಕರ್ ಗೋಲ್‌ಕೀಪರ್‌ನ ಎದುರು ಒಬ್ಬನೇ ನಿಂತಿರುತ್ತಾನೆ. ಚೆಂಡು ಮೇಲಿನಿಂದ ಬಂದಾಗ ಗೋಲ್‌ಕೀಪರ್ ಹೊರಗೆ ಬರುತ್ತಾನೋ, ಡಿಫೆಂಡರ್ ತಲೆ ಕೊಡಬೇಕೋ ಎಂಬುದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನವಾಗಬೇಕು. ಇಬ್ಬರು ನೂರು ಬಾರಿ ಜತೆಗೆ ಆಡಿದ್ದರೆ ಅಲ್ಲಿ ಗೊಂದಲ ಇರುವುದಿಲ್ಲ.

ಎರಡನೆಯದು ಪಾಸ್. ಹಳೆಯ ಜತೆಗಾರ ಎತ್ತ ಓಡುತ್ತಾನೆ, ಯಾವ ಕಾಲಿಗೆ ಚೆಂಡು ಬೇಕು ಎಂಬುದು ತಿಳಿದಿದ್ದರೆ ತಲೆ ಎತ್ತಿ ನೋಡುವ ಅಗತ್ಯವಿಲ್ಲ. ಇದರಿಂದ ಉಳಿಯುವುದು ಒಂದು ಸೆಕೆಂಡಿಗೂ ಕಡಿಮೆ. ಗೋಲು ಹುಟ್ಟುವುದು ಆ ಸಮಯದಲ್ಲೇ.

ಮೂರನೆಯದು ಕಾರ್ನರ್ ಮತ್ತು ಫ್ರೀಕಿಕ್. ಇವು ಪಾಠ ಒಪ್ಪಿಸಿದ ಹಾಗೆ ಅಭ್ಯಾಸದಿಂದಲೇ ಬರುವಂಥವು. ಪ್ರತಿ ವರ್ಷ ಹೊಸ ತಂಡ ಬಂದರೆ ಕೋಚ್ ಒಂದನೇ ಪಾಠದಿಂದಲೇ ಶುರು ಮಾಡಬೇಕು. ತಂಡ ಉಳಿದರೆ ಎರಡನೇ ವರ್ಷ ಎರಡನೇ ಪಾಠ.

ನಾಲ್ಕನೆಯದು ಭಾಷೆ. ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತದ ಒಂದು ಕ್ಲಬ್‌ನ ಡ್ರೆಸ್ಸಿಂಗ್ ರೂಮಿನಲ್ಲಿ ಮಲಯಾಳ, ಹಿಂದಿ, ಪಂಜಾಬಿ, ಮಿಜೋ, ಮಣಿಪುರಿ, ಸ್ಪ್ಯಾನಿಷ್, ಇಂಗ್ಲಿಷ್ ಎಲ್ಲವೂ ಕೇಳಿಬರುತ್ತವೆ. ಒಟ್ಟಿಗಿದ್ದು ಎರಡು ವರ್ಷವಾದರೆ ಇವೆಲ್ಲ ಸೇರಿ ತಂಡದ್ದೇ ಆದ ಒಂದು ಬಳಕೆಯ ಭಾಷೆ ಹುಟ್ಟಿಕೊಳ್ಳುತ್ತದೆ. ಒಂದು ಕೂಗು, ಒಂದು ಕೈಸನ್ನೆ ಸಾಕಾಗುತ್ತದೆ.

ಬೆಂಗಳೂರು ಎಫ್‌ಸಿ ಕಲಿಸಿದ ಪಾಠ

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಜೆಎಸ್‌ಡಬ್ಲ್ಯು ಸಮೂಹ ಇದರ ಮಾಲೀಕ. ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ. ಮೊದಲ ಸೀಸನ್‌ನಲ್ಲೇ (2013-14) ಐ-ಲೀಗ್ ಗೆದ್ದ ಈ ತಂಡ ಮರುವರ್ಷ ಫೆಡರೇಷನ್ ಕಪ್ ಗೆದ್ದಿತು, 2015-16ರಲ್ಲಿ ಮತ್ತೆ ಐ-ಲೀಗ್ ಗೆದ್ದಿತು. ವೆಸ್ಟ್‌ವುಡ್ ಮೂರು ಸೀಸನ್ ಇದ್ದರು. ಇಂಗ್ಲೆಂಡ್‌ನ ಡಿಫೆಂಡರ್ ಜಾನ್ ಜಾನ್ಸನ್ ಮೊದಲ ವರ್ಷದಿಂದಲೂ ತಂಡದಲ್ಲಿದ್ದರು. 2016ರಲ್ಲಿ ಅಲ್ಬರ್ಟ್ ರೋಕಾ ಕೋಚ್ ಆಗಿ ಬಂದರು. ಅದೇ ವರ್ಷ ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ 1-0ಯಿಂದ ಗೆದ್ದಿತು.

2017ರಲ್ಲಿ ತಂಡ ಐಎಸ್‌ಎಲ್‌ಗೆ ಸೇರಿದಾಗ ದೊಡ್ಡ ಸವಾಲು ಎದುರಾಯಿತು. ಆಗಿನ ನಿಯಮದಂತೆ ಹಳೆಯ ಭಾರತೀಯ ಆಟಗಾರರಲ್ಲಿ ಕೆಲವರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಉಳಿದವರು ಡ್ರಾಫ್ಟ್‌ಗೆ, ಅಂದರೆ ಎಲ್ಲ ಕ್ಲಬ್‌ಗಳೂ ಸರದಿಯಂತೆ ಆಟಗಾರರನ್ನು ಆರಿಸುವ ಪಟ್ಟಿಗೆ ಹೋದರು. ಬೆಂಗಳೂರು ಛೆಟ್ರಿ, ಉದಾಂತ ಸಿಂಗ್ ಮತ್ತು ಯುವ ಡಿಫೆಂಡರ್ ನಿಶು ಕುಮಾರ್ ಅವರನ್ನು ಉಳಿಸಿಕೊಂಡಿತು. ಯುಜೆನ್ಸನ್ ಲಿಂಗ್ಡೊ, ರಿನೊ ಆಂಟೊ ಅಂಥವರನ್ನು ಕಳೆದುಕೊಂಡಿತು. ಆದರೆ ಕೋಚ್ ರೋಕಾ ಉಳಿದರು, ವಿದೇಶಿ ಡಿಫೆಂಡರ್‌ಗಳಾದ ಜಾನ್ಸನ್ ಮತ್ತು ಹುವಾನನ್ ಉಳಿದರು. ಗೋಲಿಗೆ ಗುರುಪ್ರೀತ್ ಸಿಂಗ್ ಸಂಧು ಬಂದರು. ಮಿಕು, ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ಟಾಲು ಹೊಸದಾಗಿ ಸೇರಿದರು. ಹೊಸಬರು ಬಂದದ್ದು ನಿಂತಿದ್ದ ಮನೆಗೆ.

ಫಲ ಏನಾಯಿತು? 2017-18ರಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಲೀಗ್ ಹಂತದಲ್ಲಿ ಮೊದಲ ಸ್ಥಾನ. ಎರಡನೇ ಸ್ಥಾನದ ಚೆನ್ನೈಯಿನ್‌ಗೂ ಇದಕ್ಕೂ 8 ಅಂಕಗಳ ಅಂತರ. ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್ 3-2ರಿಂದ ಗೆದ್ದಿತು ಎಂಬುದು ಬೇರೆ ಮಾತು.

ಮುಂದಿನದ್ದು ಇನ್ನೂ ಮುಖ್ಯ. 2018ರಲ್ಲಿ ರೋಕಾ ಹೊರಟಾಗ ಕ್ಲಬ್ ಹೊರಗಿನಿಂದ ದೊಡ್ಡ ಹೆಸರನ್ನು ತರಲಿಲ್ಲ. 2016ರಿಂದಲೂ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅವರಿಗೇ ಹೊಣೆ ವಹಿಸಿತು. ಗುರುಪ್ರೀತ್, ರಾಹುಲ್ ಭೇಕೆ, ಹುವಾನನ್, ಡಿಮಾಸ್, ಪಾರ್ಟಾಲು, ಉದಾಂತ, ಛೆಟ್ರಿ, ಮಿಕು ಎಲ್ಲರೂ ಉಳಿದರು. ಗೋಲಿನಿಂದ ಸ್ಟ್ರೈಕರ್‌ವರೆಗೆ ಬೆನ್ನೆಲುಬು ಇಡಿಯಾಗಿತ್ತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಹೆಚ್ಚುವರಿ ಸಮಯದ ಕೊನೆಯ ಹೊತ್ತಿಗೆ ಭೇಕೆ ಹೊಡೆದ ಗೋಲಿನಿಂದ ಗೋವಾವನ್ನು 1-0ಯಿಂದ ಮಣಿಸಿ ಬೆಂಗಳೂರು ಐಎಸ್‌ಎಲ್ ಗೆದ್ದಿತು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಪಟ್ಟವನ್ನೂ ಗೆದ್ದದ್ದು ಐಎಸ್‌ಎಲ್‌ನಲ್ಲಿ ಅದೇ ಮೊದಲು.

ಒಂದೊಂದೇ ಕಂಬ ಕಳಚಿದಾಗ

2019ರಲ್ಲಿ ಮಿಕು ಹೋದರು. 2020ರಲ್ಲಿ ನಿಶು ಕುಮಾರ್ ಕೇರಳ ಬ್ಲಾಸ್ಟರ್ಸ್ ಸೇರಿದರು. 2021ರ ಜನವರಿಯಲ್ಲಿ ಕ್ವಾದ್ರತ್ ಅವರೂ ಹೊರನಡೆದರು. ಆ ಸೀಸನ್‌ನಲ್ಲಿ ಬೆಂಗಳೂರಿಗೆ 7ನೇ ಸ್ಥಾನ. ಅದರ ಬೆನ್ನಿಗೇ ಹುವಾನನ್, ಡಿಮಾಸ್, ಪಾರ್ಟಾಲು, ಭೇಕೆ, ಖಾಬ್ರಾ ಎಲ್ಲರೂ ತಂಡ ಬಿಟ್ಟರು. ಒಬ್ಬೊಬ್ಬರ ಜಾಗಕ್ಕೂ ಒಬ್ಬೊಬ್ಬ ಆಟಗಾರ ಬಂದನಾದರೂ ಹಳೆಯ ಹೊಂದಾಣಿಕೆ ಬರಲಿಲ್ಲ.

2022ರಲ್ಲಿ ಕ್ಲಬ್ ರಾಯ್ ಕೃಷ್ಣ, ಸಂದೇಶ್ ಜಿಂಗನ್, ಹಾವಿ ಹೆರ್ನಾಂಡೆಸ್ ಅಂಥ ಹೆಸರುಗಳನ್ನು ಒಟ್ಟಿಗೆ ತಂದಿತು. ಡ್ಯುರಾಂಡ್ ಕಪ್ ಬಂತು, 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್‌ಗೂ ತಂಡ ತಲುಪಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಹಣ ಕೊಟ್ಟು ತಂದ ತಂಡವೂ ಒಂದು ವರ್ಷ ಗೆಲ್ಲಬಲ್ಲದು ಎಂಬುದು ನಿಜ. ಆದರೆ ಸೀಸನ್ ಮುಗಿಯುತ್ತಲೇ ರಾಯ್ ಕೃಷ್ಣ, ಜಿಂಗನ್, ಜತೆಗೆ ಬಹುಕಾಲದ ಆಟಗಾರ ಉದಾಂತ ಕೂಡ ಹೋದರು. 2023-24ರಲ್ಲಿ 12 ತಂಡಗಳ ಲೀಗ್‌ನಲ್ಲಿ ಬೆಂಗಳೂರಿಗೆ 10ನೇ ಸ್ಥಾನ.

ಚೇತರಿಕೆ ಬಂದ ಬಗೆಯೂ ಗಮನಿಸಬೇಕಾದ್ದು. 2024ರಲ್ಲಿ ಕ್ಲಬ್ ಕರೆತಂದವರಲ್ಲಿ ಹೋರ್ಹೆ ಪೆರೇರಾ ಡಿಯಾಸ್, ಅಲ್ಬರ್ಟೊ ನೊಗೇರಾ ಮತ್ತು ಹಳೆಯ ರಾಹುಲ್ ಭೇಕೆ ಮೂವರೂ ಮುಂಬೈ ಸಿಟಿಯಲ್ಲಿ ಜತೆಯಾಗಿ ಆಡಿದ್ದವರು. ಪರಿಚಯ ಇಲ್ಲದ ಮೂವರನ್ನು ತರುವುದಕ್ಕಿಂತ ಪರಸ್ಪರ ಬಲ್ಲ ಮೂವರನ್ನು ತರುವುದು ಮೇಲು ಎಂಬುದು ಇದರ ತಾತ್ಪರ್ಯ. ಅತ್ತ ಗುರುಪ್ರೀತ್ ಮತ್ತು ಛೆಟ್ರಿ ಇದ್ದೇ ಇದ್ದರು. 40 ವರ್ಷದ ಛೆಟ್ರಿ ಆ ಸೀಸನ್‌ನಲ್ಲಿ 14 ಗೋಲು ಹೊಡೆದರು. ತಂಡ ಲೀಗ್‌ನಲ್ಲಿ 3ನೇ ಸ್ಥಾನ ಪಡೆದು 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು 1-2ರಿಂದ ಸೋತಿತು.

ಕೊಚ್ಚಿಯ ಹಳದಿ ಪಡೆ

ಕಾಸರಗೋಡು ಜಿಲ್ಲೆಗೆ ಕೇರಳ ಬ್ಲಾಸ್ಟರ್ಸ್ ಬೇರೆಯದಲ್ಲ. 2016ರ ಐಎಸ್‌ಎಲ್ ಫೈನಲ್‌ನಲ್ಲಿ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮೊಹಮ್ಮದ್ ರಫಿ ತ್ರಿಕರಿಪುರದವರು. ಆದರೆ ಈ ಕ್ಲಬ್‌ನ ಮೊದಲ ವರ್ಷಗಳು ಅಸ್ಥಿರತೆಯ ವರ್ಷಗಳು. 2014ರಲ್ಲಿ ಡೇವಿಡ್ ಜೇಮ್ಸ್, 2015ರಲ್ಲಿ ಪೀಟರ್ ಟೇಲರ್, 2016ರಲ್ಲಿ ಸ್ಟೀವ್ ಕೊಪೆಲ್, 2017ರಲ್ಲಿ ರೆನೆ ಮ್ಯೂಲೆನ್‌ಸ್ಟೀನ್ ಹೀಗೆ ಪ್ರತಿ ಸೀಸನ್‌ಗೆ ಹೊಸ ಕೋಚ್. ಸ್ಥಾನವೂ ಹಾಗೆಯೇ ಏರಿಳಿಯಿತು. 2014ರಲ್ಲಿ ಫೈನಲ್, 2015ರಲ್ಲಿ ಕೊನೆಯ ಸ್ಥಾನ, 2016ರಲ್ಲಿ ಮತ್ತೆ ಫೈನಲ್.

2021ರಲ್ಲಿ ಸರ್ಬಿಯಾದ ಇವಾನ್ ವುಕೊಮಾನೊವಿಚ್ ಬಂದ ಮೇಲೆ ಚಿತ್ರ ಬದಲಾಯಿತು. ಹಿಂದಿನ ಸೀಸನ್‌ನಲ್ಲಿ 10ನೇ ಸ್ಥಾನದಲ್ಲಿದ್ದ ತಂಡ ಅವರ ಮೊದಲ ವರ್ಷವೇ ಫೈನಲ್ ತಲುಪಿತು. ಆ ವರ್ಷ ಅಡ್ರಿಯನ್ ಲೂನಾ ಸೇರಿದಂತೆ ವಿದೇಶಿ ಆಟಗಾರರೆಲ್ಲ ಹೊಸಬರೇ ಆಗಿದ್ದರು. ಹಾಗಾದರೆ ನಿರಂತರತೆಯ ಮಾತು ಸುಳ್ಳಾಯಿತೇ? ಇಲ್ಲ. ಸಹಲ್ ಅಬ್ದುಲ್ ಸಮದ್, ಜೀಕ್ಸನ್ ಸಿಂಗ್, ಕೆ.ಪಿ. ರಾಹುಲ್ ಅಂಥ ಭಾರತೀಯ ಆಟಗಾರರು ಉಳಿದಿದ್ದರು. ಮೈದಾನದಲ್ಲಿ ವಿದೇಶಿಯರ ಸಂಖ್ಯೆಯನ್ನು ಐಎಸ್‌ಎಲ್ 2021-22ರಿಂದ ನಾಲ್ಕಕ್ಕೆ ಇಳಿಸಿದ್ದರಿಂದ ತಂಡದಲ್ಲಿ ಕನಿಷ್ಠ ಏಳು ಮಂದಿ ಭಾರತೀಯರೇ. ತಂಡದ ಬೇರು ಇರುವುದು ಅಲ್ಲಿ.

ವುಕೊಮಾನೊವಿಚ್ ಮೂರು ಸೀಸನ್ ಇದ್ದರು, ಮೂರರಲ್ಲೂ ತಂಡ ಪ್ಲೇ-ಆಫ್ ತಲುಪಿತು. ಆದರೆ ಪಟ್ಟ ಸಿಗಲಿಲ್ಲ. 2022ರಲ್ಲಿ ಮುಖ್ಯ ಸ್ಟ್ರೈಕರ್‌ಗಳಿಬ್ಬರೂ ಬೇರೆ ಕ್ಲಬ್‌ಗಳ ಪಾಲಾದರು. 2023ರಲ್ಲಿ ಸಹಲ್ ಮೋಹನ್ ಬಾಗಾನ್‌ಗೆ, 2024ರಲ್ಲಿ ಜೀಕ್ಸನ್ ಈಸ್ಟ್ ಬೆಂಗಾಲ್‌ಗೆ ಹೋದರು. ಕೋಚ್ ಕೂಡ 2024ರಲ್ಲಿ ಹೊರಟರು. ಅವರ ನಂತರ ಬಂದ ಮಿಕೆಲ್ ಸ್ಟಾರೆ ಅದೇ ಡಿಸೆಂಬರ್‌ನಲ್ಲಿ ಹುದ್ದೆ ಕಳೆದುಕೊಂಡರು. 2024-25ರಲ್ಲಿ ತಂಡಕ್ಕೆ 8ನೇ ಸ್ಥಾನ.

ಎರಡನೆಯ ಸ್ಥಾನದಿಂದ ಕೊನೆಗೆ

ನಿರಂತರತೆ ಒಮ್ಮೆಲೇ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದ್‌ನಷ್ಟು ಕಣ್ಣಿಗೆ ಹೊಡೆಯುವ ಉದಾಹರಣೆ ಬೇರೆ ಇಲ್ಲ. 2020ರಿಂದ ಮನೋಲೊ ಮಾರ್ಕೆಸ್ ಕೋಚ್ ಆಗಿದ್ದ ಮೂರು ಸೀಸನ್‌ಗಳಲ್ಲಿ ಈ ತಂಡ ಕ್ರಮವಾಗಿ 5, 2, 2ನೇ ಸ್ಥಾನ ಪಡೆಯಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಪಟ್ಟ ಗೆದ್ದಿತು. ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಅಂದು ಹೀರೋ ಆದರು.

2023ರಲ್ಲಿ ಮಾರ್ಕೆಸ್ ಹೊರಟರು. ಹಣಕಾಸಿನ ಬಿಕ್ಕಟ್ಟು ತಲೆದೋರಿ ಆಟಗಾರರು ಒಬ್ಬರ ಹಿಂದೊಬ್ಬರಂತೆ ಬಿಟ್ಟುಹೋದರು. ಬಹುಪಾಲು ಎಳೆಯ ಹುಡುಗರನ್ನೇ ನಂಬಿ ಆಡಬೇಕಾಯಿತು. 2023-24ರಲ್ಲಿ 22 ಪಂದ್ಯಗಳಲ್ಲಿ ಒಂದೇ ಗೆಲುವು, 8 ಅಂಕ, ಕೊನೆಯ ಸ್ಥಾನ. 2025ರಲ್ಲಿ ಕ್ಲಬ್ ದಿಲ್ಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು. ತೆಲಂಗಾಣದ ಅಭಿಮಾನಿಗಳಿಗೆ ಆಟಗಾರರ ಜತೆ ತಂಡವೂ ಇಲ್ಲವಾಯಿತು.

ಉಳಿಸುವುದು ಯಾಕೆ ಕಷ್ಟ?

ಮೊದಲ ಕಾರಣ ಒಪ್ಪಂದದ ನಿಯಮ. ಒಪ್ಪಂದ ಮುಗಿದ ಆಟಗಾರ ಹಣವಿಲ್ಲದೆ ಬೇರೆ ಕ್ಲಬ್ ಸೇರಬಹುದು ಎಂಬುದನ್ನು ಯುರೋಪಿನ ನ್ಯಾಯಾಲಯ 1995ರಲ್ಲಿ ಬೆಲ್ಜಿಯಂ ಆಟಗಾರ ಬೋಸ್ಮನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಫಿಫಾ ನಿಯಮದ ಪ್ರಕಾರ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಮುಂದಿನ ಕ್ಲಬ್ ಜತೆ ಸಹಿ ಹಾಕಬಹುದು. ಆದ್ದರಿಂದ ಮುಖ್ಯ ಆಟಗಾರನ ಒಪ್ಪಂದ ಕೊನೆಯ ವರ್ಷಕ್ಕೆ ಬರುವ ಮೊದಲೇ ನವೀಕರಿಸುವುದು ಜಾಣತನ. ಆಟಗಾರನಿಗೆ ಇದು ನ್ಯಾಯವಾದ ನಿಯಮವೇ. ಅವನ ವೃತ್ತಿ ಬದುಕು ಚಿಕ್ಕದು, ಒಳ್ಳೆಯ ಸಂಬಳ ಸಿಗುವಲ್ಲಿಗೆ ಹೋಗುವುದು ಅವನ ಹಕ್ಕು.

ಎರಡನೆಯ ಕಾರಣ ಲೀಗಿನ ರಚನೆ. 2014ರಿಂದ 2016ರವರೆಗೆ ಐಎಸ್‌ಎಲ್ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಆಟ. ನಂತರ ಐ-ಲೀಗ್. ಆಟಗಾರರು ವರ್ಷದಲ್ಲಿ ಎರಡು ಅಂಗಿ ತೊಡುತ್ತಿದ್ದರು. ಕಣ್ಣೂರಿನ ಸಿ.ಕೆ. ವಿನೀತ್ 2016ರ ನವೆಂಬರ್ 5ರಂದು ಬೆಂಗಳೂರಿನ ಪರ ಎಎಫ್‌ಸಿ ಕಪ್ ಫೈನಲ್ ಮುಗಿಸಿ, ಬಳಿಕ ಬ್ಲಾಸ್ಟರ್ಸ್ ಸೇರಿ ಅದೇ ಸೀಸನ್‌ನಲ್ಲಿ 5 ಗೋಲು ಹೊಡೆದರು. ಆಟಗಾರ ಮಿಂಚಬಹುದು, ಆದರೆ ಇಂಥ ವ್ಯವಸ್ಥೆಯಲ್ಲಿ ತಂಡ ಬೇರೂರುವುದು ಕಷ್ಟ.

ಮೂರನೆಯದು ಅನಿಶ್ಚಿತತೆ. ಭಾರತೀಯ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಸಂಸ್ಥೆಯ ನಡುವಣ ಒಪ್ಪಂದದ ತೊಡಕಿನಿಂದ 2025ರ ಜುಲೈಯಲ್ಲಿ ಐಎಸ್‌ಎಲ್‌ಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಹಿರಿಯ ತಂಡದ ಸಂಬಳವನ್ನೇ ತಡೆಹಿಡಿಯಿತು. ಲೀಗ್ ಆರಂಭವಾದದ್ದು 2026ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಬ್ಲಾಸ್ಟರ್ಸ್ ನಾಯಕ ಲೂನಾ ಎರವಲಾಗಿ ಇಂಡೋನೇಷ್ಯಾದ ಕ್ಲಬ್‌ಗೆ ಹೋಗಿದ್ದರು. ಲೀಗೇ ನಡೆಯುತ್ತದೋ ಇಲ್ಲವೋ ಎಂಬಲ್ಲಿ ಯಾವ ಕ್ಲಬ್ ಮೂರು ವರ್ಷದ ಯೋಜನೆ ಹಾಕೀತು?

ಅತಿಯಾದರೆ ಅದೂ ದೋಷ

ಇಂಗ್ಲೆಂಡ್‌ನ ಆಸ್ಟನ್ ವಿಲ್ಲಾ 1980-81ರಲ್ಲಿ 42 ಪಂದ್ಯಗಳ ಲೀಗನ್ನು ಕೇವಲ 14 ಆಟಗಾರರನ್ನು ಬಳಸಿ ಗೆದ್ದಿತು. ಅವರಲ್ಲಿ ಏಳು ಮಂದಿ ಎಲ್ಲ 42 ಪಂದ್ಯಗಳಲ್ಲೂ ಆಡಿದ್ದರು. ಮರುವರ್ಷ ಮಧ್ಯದಲ್ಲೇ ಮ್ಯಾನೇಜರ್ ರಾನ್ ಸಾಂಡರ್ಸ್ ರಾಜೀನಾಮೆ ಕೊಟ್ಟರೂ ಅವರ ಸಹಾಯಕ ಟೋನಿ ಬಾರ್ಟನ್ ಕೈಯಲ್ಲಿ ಅದೇ ತಂಡ ಯುರೋಪಿಯನ್ ಕಪ್ ಎತ್ತಿತು.

ಇದಕ್ಕೆ ಎದುರಾದ ಉದಾಹರಣೆಯೂ ಇಂಗ್ಲೆಂಡ್‌ನದ್ದೇ. ಮ್ಯಾಂಚೆಸ್ಟರ್ ಯುನೈಟೆಡ್ 2012-13ರಲ್ಲಿ ಚಾಂಪಿಯನ್ ಆಯಿತು. ಅಲೆಕ್ಸ್ ಫರ್ಗ್ಯುಸನ್ ನಿವೃತ್ತರಾದರು, ಆಟಗಾರರು ಬಹುಪಾಲು ಅವರೇ ಉಳಿದರು. ಆದರೂ ಮರುವರ್ಷ ತಂಡ 7ನೇ ಸ್ಥಾನಕ್ಕೆ ಕುಸಿಯಿತು. ರಕ್ಷಣೆಯ ಹಳೆಯ ಕಂಬಗಳಾದ ಫರ್ಡಿನಾಂಡ್, ವಿಡಿಚ್, ಎವ್ರಾ ಮೂವರೂ 30 ದಾಟಿದ್ದರು, 2014ರಲ್ಲಿ ಮೂವರೂ ಒಟ್ಟಿಗೇ ತಂಡ ಬಿಟ್ಟರು. ಹಳಬರು ಇರುವಾಗಲೇ ಅವರ ಪಕ್ಕದಲ್ಲಿ ಹೊಸಬನನ್ನು ಬೆಳೆಸದಿದ್ದರೆ ನಿರಂತರತೆ ಎನ್ನುವುದು ಮುಂದೂಡಿದ ಸಾಲ ಇದ್ದಂತೆ. ಬಡ್ಡಿ ಸೇರಿಸಿ ಒಂದೇ ದಿನ ಕಟ್ಟಬೇಕಾಗುತ್ತದೆ.

ತೋಟದಲ್ಲಿ ಅಡಿಕೆ ಮರ ಹಳತಾಗುವ ಮೊದಲೇ ನಡುವೆ ಸಸಿ ನೆಡುವ ಕ್ರಮ ಇದೆಯಲ್ಲ, ಇಲ್ಲೂ ಅಷ್ಟೇ. ಇಡೀ ತೋಟ ಕಡಿದು ಹೊಸದಾಗಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಒಂದೂ ಸಸಿ ನೆಡದಿದ್ದರೆ ಮರಗಳೆಲ್ಲ ಒಟ್ಟಿಗೆ ಮುದಿಯಾಗುತ್ತವೆ.

ಅಭಿಮಾನಿಗಳು ಗಮನಿಸಬೇಕಾದ್ದು

ಹೊಸ ಸೀಸನ್‌ಗೆ ಮುನ್ನ ತಂಡದ ಪಟ್ಟಿ ಬಂದಾಗ ಹೊಸ ಹೆಸರುಗಳಿಗೆ ಮಾರುಹೋಗುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬಹುದು.

ಗೋಲ್‌ಕೀಪರ್ ಮತ್ತು ನಡುವಿನ ಇಬ್ಬರು ಡಿಫೆಂಡರ್‌ಗಳಲ್ಲಿ ಎಷ್ಟು ಮಂದಿ ಕಳೆದ ವರ್ಷದವರು?

ಕಳೆದ ಸೀಸನ್‌ನಲ್ಲಿ ಹೆಚ್ಚು ನಿಮಿಷ ಆಡಿದ ಭಾರತೀಯ ಆಟಗಾರರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ?

ಕೋಚ್ ಬದಲಾಗಿದ್ದರೆ ಹೊಸಬರು ಅದೇ ರೀತಿಯ ಆಟ ಆಡಿಸುವವರೇ, ಅಥವಾ ಎಲ್ಲವನ್ನೂ ಮೊದಲಿನಿಂದ ಶುರು ಮಾಡುವವರೇ?

30 ದಾಟಿದ ಮುಖ್ಯ ಆಟಗಾರನ ಹಿಂದೆ ಅದೇ ಸ್ಥಾನಕ್ಕೆ ತಯಾರಾಗುತ್ತಿರುವ ಹುಡುಗ ಯಾರು?

ಮುಂದಿನ ವರ್ಷ ಒಪ್ಪಂದ ಮುಗಿಯುವವರು ಯಾರೆಲ್ಲ?

ಸೆವೆನ್ಸ್ ಪಂದ್ಯಾಟಗಳಲ್ಲಿ ಇಂದು ಒಂದು ಕ್ಲಬ್‌ಗೆ, ನಾಳೆ ಇನ್ನೊಂದಕ್ಕೆ ಆಡುವ ಬಾಡಿಗೆ ಆಟಗಾರರನ್ನು ನಮ್ಮ ಊರಿನವರು ಬಹಳ ಕಂಡಿದ್ದಾರೆ. ಒಂದು ರಾತ್ರಿಯ ಟ್ರೋಫಿಗೆ ಅದು ಸಾಕು. ಆದರೆ ತಿಂಗಳುಗಟ್ಟಲೆ ನಡೆಯುವ ಲೀಗ್‌ಗೆ ಬೇಕಾದ್ದು ಪರಸ್ಪರ ಬಲ್ಲವರ ತಂಡ. ವರ್ಷಕ್ಕೆ ಎರಡು ಮೂರು ಹೊಸ ಮುಖ, ಉಳಿದವರು ಹಳಬರು, ಹಿಂದಿನ ಆಟವನ್ನೇ ಮುಂದುವರಿಸುವ ಕೋಚ್, ತಿಂಗಳಿಗೆ ಸರಿಯಾಗಿ ಸಂಬಳ. 2019ರಲ್ಲಿ ಬೆಂಗಳೂರನ್ನು ಗೆಲ್ಲಿಸಿದ್ದು ಇಂಥ ಸಾದಾ ಸಂಗತಿಗಳೇ. ಇವು ತಪ್ಪಿದಾಗ ಎರಡನೇ ಸ್ಥಾನದಿಂದ ಕೊನೆಯ ಸ್ಥಾನಕ್ಕೆ ಇಳಿಯಲು ಹೈದರಾಬಾದ್‌ಗೆ ಒಂದೇ ವರ್ಷ ಸಾಕಾಯಿತು.